ಅವರ ಹೆಸರು ಇನ್ನೂ ನನ್ನ ಹೆಸರಿನಲ್ಲಿ: ಓದುಗರ ಸ್ಪಂದನ

(ಸೋದರಿಯೊಬ್ಬರ ಸಮಸ್ಯೆ: ವಿಚ್ಛೇದನವಾಗಿ ವರ್ಷವಾಯಿತು. ಹೆಸರಿನ ಜೊತೆ ಮಾಜಿ ಗಂಡನ ಹೆಸರು ಹಾಗೇ ಇದೆ. ಮಗಳು ಏಳನೇ ತರಗತಿ. ತೆಗೆಸಲೇ, ಬಿಡಲೇ?)

ತಂಗೀ, ಮೊದಲು ನಿನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆದು ನೋಡು. ಅಲ್ಲಿ ಆತ ಇಲ್ಲವೇ ಇಲ್ಲ. ನಮ್ಮ ಕಡೆ ಮನೆತನದ ಹೆಸರಾದರೂ ಎಲ್ಲಿ ಸೇರಿಸುತ್ತಾರೆ? ನೇರವಾಗಿ ಆ ಮನುಷ್ಯನ ಹೆಸರನ್ನೇ ತಗುಲಿಸುತ್ತಾರೆ. ದಿನಕ್ಕೆ ಹತ್ತು ಸಲ ಅದನ್ನೇ ಬರೆದು ಸಹಿ ಹಾಕೋದು ನನ್ನಿಂದಾಗಲಿಲ್ಲ, ತೆಗೆಸಿದೆ.
– ನಿವೃತ್ತ ಶಿಕ್ಷಕಿ, ಶಿವಮೊಗ್ಗ

ತೆಗೆಸಿ, ಆದರೆ ಆತುರ ಬೇಡ. ಆಧಾರ್‌ನಲ್ಲಿ ಹೆಸರು ತಿದ್ದಲು ಇರುವುದು ಎರಡೇ ಅವಕಾಶ. ಮದುವೆಯಾದಾಗ ಒಂದು ಬಳಸಿದ್ದರೆ ಉಳಿದಿರುವುದು ಒಂದೇ. ಹಾಗಾಗಿ ಇನಿಷಿಯಲ್ ಮೊದಲೋ ಕೊನೆಗೋ, ಚುಕ್ಕೆ ಬೇಕೋ ಬೇಡವೋ, ಎಲ್ಲ ಮನೆಯಲ್ಲೇ ತೀರ್ಮಾನಿಸಿ. ಪ್ಯಾನ್, ಬ್ಯಾಂಕ್, ಪಿಎಫ್ ಎಲ್ಲದರಲ್ಲೂ ಅಕ್ಷರ ಅಕ್ಷರ ಅದೇ ಇರಲಿ. ವಿಚ್ಛೇದನದ ಡಿಕ್ರಿಯ (ಕೋರ್ಟ್ ಆದೇಶದ) ದೃಢೀಕೃತ ಪ್ರತಿ ನಾಲ್ಕೈದು ತೆಗೆದಿಟ್ಟುಕೊಳ್ಳಿ, ಪಾಸ್‌ಪೋರ್ಟ್‌ಗೂ ಬೇಕಾಗುತ್ತದೆ. ನನಗೆ ಕಷ್ಟವಾದದ್ದು ಓಡಾಟವಲ್ಲ. ಒಂದು ಕಚೇರಿಯಲ್ಲಿ ಗುಮಾಸ್ತ ಆದೇಶದ ಪುಟ ಬಿಟ್ಟು, ವಿಚ್ಛೇದನದ ಕಾರಣ ಬರೆದ ಪುಟವನ್ನೇ ಆರಾಮಾಗಿ ಓದುತ್ತಾ ಕೂತ. ‘ಸರ್, ಕೊನೆಯ ಪುಟ’ ಎಂದು ಎರಡು ಸಲ ಹೇಳಬೇಕಾಯಿತು.
– ಲೆಕ್ಕಪತ್ರ ವಿಭಾಗದ ಉದ್ಯೋಗಿ, ಬೆಂಗಳೂರು

ನಾನು ಬದಲಿಸಲಿಲ್ಲ. ಹದಿನಾಲ್ಕು ವರ್ಷದಿಂದ ಟೈಲರಿಂಗ್ ಅಂಗಡಿಯ ಬೋರ್ಡಿನಲ್ಲಿರುವ ಹೆಸರು ಅದು. ಸಂಪಾದಿಸಿದ್ದು ನಾನು, ಅವರಲ್ಲ.
– ಹೆಸರು ಬೇಡ, ಹಾಸನ

ಅಪ್ಪನ ಇನಿಷಿಯಲ್‌ಗೇ ವಾಪಸ್ ಹೋಗಬೇಕೆಂದು ಯಾರು ಹೇಳಿದರು? ಮದುವೆಯಾದವಳು ಗಂಡನ ಹೆಸರು ಸೇರಿಸಲೇಬೇಕೆಂಬ ಕಾನೂನೇ ಇಲ್ಲ. ಅಫಿಡವಿಟ್, ಪತ್ರಿಕಾ ಪ್ರಕಟಣೆ, ಗೆಜೆಟ್ ಎಂದು ಇಷ್ಟೆಲ್ಲ ಅಲೆಯುವುದೇ ಆದರೆ ಊರಿನ ಹೆಸರೋ ಅಮ್ಮನ ಹೆಸರೋ ಇಟ್ಟುಕೊಳ್ಳಿ. ನಾನು ಅಮ್ಮನದು ಇಟ್ಟುಕೊಂಡೆ. ಅಪ್ಪ ಒಂದು ವಾರ ಮುನಿಸಿಕೊಂಡಿದ್ದರು, ಅದು ಬೇರೆ ಮಾತು.
– ಓದುಗಿ, ಧಾರವಾಡ

ನಾನು ಅಂಥ ಅಮ್ಮನ ಮಗಳು. ಅಮ್ಮ ಹೆಸರು ಬದಲಿಸಿದಾಗ ನಾನು ಎಂಟನೇ ತರಗತಿ. ನನ್ನ ಜನನ ಪ್ರಮಾಣಪತ್ರದಲ್ಲಿ ಅವರ ಹಳೆಯ ಹೆಸರು, ಅವರ ಆಧಾರ್‌ನಲ್ಲಿ ಹೊಸದು. ಎರಡೂ ಒಬ್ಬರದೇ ಎಂಬ ಅಫಿಡವಿಟ್ ಮಾಡಿಸಿ ಶಾಲೆಯ ಫೈಲಿಗೆ ಸೇರಿಸಿದರು. ಮೇಡಂ, ಹತ್ತನೇ ತರಗತಿಯ ನೋಂದಣಿಗೆ ಮೊದಲೇ ಇದನ್ನು ಮುಗಿಸಿ. ಮಗಳನ್ನೂ ಒಂದು ಮಾತು ಕೇಳಿ. ನನ್ನನ್ನು ಯಾರೂ ಕೇಳಿರಲಿಲ್ಲ. ಪ್ರೋಗ್ರೆಸ್ ಕಾರ್ಡಿನಲ್ಲಿ ಹೊಸ ಸಹಿ ಕಂಡಾಗಲೇ ನನಗೆ ಗೊತ್ತಾಗಿದ್ದು.
– ಪದವಿ ವಿದ್ಯಾರ್ಥಿನಿ, ಮೈಸೂರು