‘ಹೇಳಿ ಮಾಡಿಸಿದ’ ಸೂಟು: ಬೆಸ್ಪೋಕ್‌ಗೆ ಈ ಮಾತು ಸಾಕೇ?

ಗೆಳೆಯರೇ, ನಮಸ್ಕಾರ.

ಮದುವೆಗೆ ಸೂಟು ಹೊಲಿಸುವ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಮಾಹಿತಿ ಬರಹ ಸಿದ್ಧಪಡಿಸುತ್ತಿದ್ದೇನೆ. ಶುರುವಿನಲ್ಲೇ ಸಿಕ್ಕಿಕೊಂಡೆ. ಬೆಸ್ಪೋಕ್, ಮೇಡ್ ಟು ಮೆಷರ್ ಎರಡಕ್ಕೂ ನಾವು ‘ಅಳತೆ ಕೊಟ್ಟು ಹೊಲಿಸಿದ್ದು’ ಅಂತಲೇ ಹೇಳುತ್ತೇವೆ. ರೆಡಿಮೇಡ್ ಅಲ್ಲದ್ದೆಲ್ಲ ಹೊಲಿಸಿದ್ದೇ ಅಲ್ವಾ ಅಂತ ಕೇಳಬಹುದು. ಆದರೆ ಎರಡರಲ್ಲೂ ಕೆಲಸ ಬೇರೆ, ಹಿಡಿಯುವ ಸಮಯ ಬೇರೆ, ಕೊಡುವ ದುಡ್ಡೂ ಬೇರೆ.

ಬೆಸ್ಪೋಕ್‌ನಲ್ಲಿ ಆ ಒಬ್ಬ ಹುಡುಗನಿಗೆ ಅಂತಲೇ ಹೊಸದಾಗಿ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸಲು ಬೇಕಾದ ಕಾಗದದ ಅಚ್ಚು, ಬರೆಯುತ್ತಾರೆ. ಬಟ್ಟೆ ಕತ್ತರಿಸಿ, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಅವನ ಮೈಮೇಲೆ ತೊಡಿಸಿ ನೋಡುತ್ತಾರೆ. ಒಂದು ಭುಜ ಕೊಂಚ ಇಳಿದಿದ್ದರೆ ಕಾಲರ್ ಕೆಳಗೆ ಓರೆಯಾಗಿ ಸುಕ್ಕು ಬೀಳುತ್ತದೆ. ಆಗ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಬಿಚ್ಚಿ, ಮತ್ತೆ ಕೂರಿಸುತ್ತಾರೆ. ಮೇಡ್ ಟು ಮೆಷರ್‌ನಲ್ಲಿ ಪ್ಯಾಟರ್ನ್ ಮೊದಲೇ ಇರುತ್ತದೆ. ಹತ್ತಿರದ ಸೈಜ್ ತೆಗೆದುಕೊಂಡು ತೋಳು, ಸೊಂಟ, ಉದ್ದ ತಿದ್ದುತ್ತಾರೆ. ಎಷ್ಟು ತಿದ್ದಬಹುದು ಅನ್ನುವುದಕ್ಕೆ ಒಂದು ಮಿತಿ ಇರುತ್ತದೆ. ಸಾಧಾರಣ ಮೈಕಟ್ಟಿನವರಿಗೆ ಇದೇ ಸಾಕು. ಬೆಸ್ಪೋಕ್ ಆದರೇನೇ ಚೆಂದ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಈಗ ಪದಕ್ಕೆ ಬರೋಣ. ಬೆಸ್ಪೋಕ್ ಅಂತ ಹಾಗೆಯೇ ಬರೆದುಬಿಡಿ ಅಂತ ಕೆಲವರು ಹೇಳಿದರು. ಆದರೆ ಇಂಗ್ಲಿಷಿನಲ್ಲೇ ಅದರ ಗಡಿ ಅಳಿಸಿದೆ. ಯಂತ್ರದಲ್ಲಿ ಕತ್ತರಿಸಿದ ಸೂಟನ್ನು ಬೆಸ್ಪೋಕ್ ಅಂತ ಜಾಹೀರಾತು ಮಾಡಿದ್ದು ಸರಿಯಲ್ಲ ಎಂಬ ದೂರನ್ನು ಬ್ರಿಟನ್ನಿನ ಜಾಹೀರಾತು ನಿಗಾ ಸಂಸ್ಥೆ 2008ರಲ್ಲಿ ಒಪ್ಪಲಿಲ್ಲ. ಅಲ್ಲೇ ಹೀಗಿರುವಾಗ ನಮ್ಮ ಓದುಗರಿಗೆ ಆ ಪದದಿಂದ ಏನು ತಿಳಿಯಬೇಕು?

ಅದರ ಬೇರು ನೋಡಿದರೆ ‘ಮುಂಚೆಯೇ ಹೇಳಿಟ್ಟದ್ದು’ ಎಂಬ ಅರ್ಥ ಸಿಗುತ್ತದೆ. ನಮ್ಮ ‘ಹೇಳಿ ಮಾಡಿಸಿದ್ದು’ ಕೂಡ ಅದೇ ಅಲ್ಲವೇ? ಮದುವೆಗೂ ಒಪ್ಪುತ್ತದೆ, ಹೇಳಿ ಮಾಡಿಸಿದ ಜೋಡಿ ಅಂತ ಹುಡುಗ ಹುಡುಗಿಗೇ ಅನ್ನುತ್ತೇವೆ. ತೊಡಕು ಇರುವುದೂ ಇಲ್ಲೇ. ಅಂಗಡಿಯಲ್ಲಿ ನೇತುಹಾಕಿದ್ದ ಕೋಟು ಸರಿಯಾಗಿ ಕೂತರೂ ‘ನಿನಗೇ ಹೇಳಿ ಮಾಡಿಸಿದ ಹಾಗಿದೆ’ ಅಂತೀವಿ. ಅಂದರೆ ಈ ಮಾತು ಕೆಲಸದ ರೀತಿಯನ್ನು ಬಿಟ್ಟು ಒಪ್ಪುವ ಚೆಂದಕ್ಕೆ ಅಂಟಿಕೊಂಡಿದೆ. ಹಾಗಾಗಿ ಸದ್ಯಕ್ಕೆ ‘ಅಳತೆಗೆ ಕತ್ತರಿಸಿದ ಸೂಟು’, ‘ಅಳತೆಗೆ ತಿದ್ದಿದ ಸೂಟು’ ಅಂತ ಎರಡು ಬಗೆ ಮಾಡಿಕೊಂಡಿದ್ದೇನೆ. ಕತ್ತರಿಸಿದ್ದು, ತಿದ್ದಿದ್ದು ಅಂದ ಕೂಡಲೇ ವ್ಯತ್ಯಾಸ ಕಾಣುತ್ತದೆ. ಕಿವಿಗೆ ಅಷ್ಟೇನೂ ಇಂಪಾಗಿಲ್ಲ, ನಿಜ.

ಇನ್ನೊಂದು ಗೊಂದಲ ಅಸ್ತರಿನದು. ಕೋಟಿನ ಒಳಗೆ ಕಾಣುವ ನುಣುಪು ಬಟ್ಟೆ ಅಸ್ತರು. ಆದರೆ ಎದೆಭಾಗದಲ್ಲಿ ಅಸ್ತರಿಗೂ ಮೇಲ್ಬಟ್ಟೆಗೂ ನಡುವೆ ಕಾಣದ ಮತ್ತೊಂದು ಪದರ ಇರುತ್ತದೆ. ಕೋಟಿನ ಆಕಾರ ನಿಲ್ಲುವುದು ಅದರಿಂದಲೇ. ಕೆಲವದರಲ್ಲಿ ಅದನ್ನು ಬಿಸಿಗೆ ಅಂಟಿಸಿರುತ್ತಾರೆ, ಕೆಲವದರಲ್ಲಿ ಕ್ಯಾನ್ವಾಸನ್ನು ಹೊಲಿದಿರುತ್ತಾರೆ. ಗುಂಡಿಗಳ ನಡುವೆ ಕೋಟಿನ ಅಂಚನ್ನು ಎರಡೂ ಕಡೆಯಿಂದ ಚಿವುಟಿ ಮೆಲ್ಲಗೆ ಎಳೆದು ನೋಡಿ. ನಡುವೆ ಮೂರನೆಯ ಪದರ ಬಿಡಿಯಾಗಿ ಜಾರಿದಂತೆ ಕೈಗೆ ಸಿಕ್ಕರೆ ಅದು ಹೊಲಿದ ಕ್ಯಾನ್ವಾಸು. ಇದಕ್ಕೆ ‘ನಡುಪದರ’ ಅಂತ ಬರೆಯಲೇ? ಹಲವರು ಇದನ್ನೂ ಅಸ್ತರು ಅಂತಲೇ ಕರೆಯುವುದರಿಂದ ಓದುಗರು ತಪ್ಪು ತಿಳಿಯಬಹುದು ಅನ್ನುವ ಅಳುಕಿದೆ.

ಸೂಟಿನ ಬಟ್ಟೆಯ ಮೇಲೆ ಕಾಣುವ ‘ಸೂಪರ್ 120’ ಅನ್ನುವುದಂತೂ ಶುದ್ಧ ದಾರಿ ತಪ್ಪಿಸುವ ಮಾತು. ಸೂಪರ್ ಅಂದರೆ ಭಾರಿ ಗಟ್ಟಿ ಅಂತ ಜನ ಅಂದುಕೊಳ್ಳುತ್ತಾರೆ. ಅದು ಉಣ್ಣೆಯ ಎಳೆ ಎಷ್ಟು ಸಣ್ಣ ಅನ್ನುವ ಲೆಕ್ಕ. ಸೂಪರ್ 100ಕ್ಕೆ ಎಳೆಯ ದಪ್ಪ 18.75 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಮೀರಬಾರದು, 120ಕ್ಕೆ 17.75. ಎಳೆ ಸಣ್ಣದಾದಷ್ಟೂ ಮೃದು, ಜೊತೆಗೆ ಬೇಗ ಸುಕ್ಕು. ದಿನವಿಡೀ ಎದ್ದು ಕೂತು ಮಾಡುವ ಮದುಮಗನಿಗೆ ಸಂಖ್ಯೆ ಜಾಸ್ತಿಯಾದಷ್ಟೂ ಲಾಭ ಅಂತೇನಿಲ್ಲ. ಬರಹದಲ್ಲಿ ‘ಎಳೆಯ ನವಿರು’ ಅಂತ ಹಾಕಿದ್ದೇನೆ.

ಕಾಜಾಕ್ಕೆ ಬೇರೆ ಪದ ಹುಡುಕಲಿಲ್ಲ. ಪೋರ್ಚುಗೀಸಿನ ‘ಕಾಸ’ದಿಂದ ಬಂದು ಹೊಲಿಗೆಯವರ ಬಾಯಲ್ಲಿ ನೆಲೆಸಿದ ಪದ ಅದು, ‘ಗುಂಡಿರಂಧ್ರ’ ಅಂತ ಸುಮ್ನೆ ಯಾಕೆ ಕಷ್ಟಪಡಬೇಕು? ತಲೆನೋವಾಗಿರುವುದು ಲ್ಯಾಪೆಲ್. ಎದೆಯ ಮೇಲೆ ಹೊರಕ್ಕೆ ಮಡಚಿದ ಆ ಪಟ್ಟಿಗೆ ಕಾಲರ್ ಅಂದರೆ ತಪ್ಪು, ಕಾಲರ್ ಕತ್ತಿನ ಸುತ್ತ ಇರುವುದು. ಮದುಮಗ ಹೂವು ಸಿಕ್ಕಿಸುವುದು ಲ್ಯಾಪೆಲ್ಲಿನ ಕಾಜಾಕ್ಕೆ. ತೊಟ್ಟು ಅಲುಗದ ಹಾಗೆ ಹಿಂಬದಿಯಲ್ಲಿ ನೂಲಿನ ಪುಟ್ಟ ಕುಣಿಕೆ ಹಾಕಿಸಿಕೊಳ್ಳಿ ಅಂತ ಬರೆಯಬೇಕಿದೆ. ‘ಎದೆಮಡಿಕೆ’ ಅಂತ ನಾನೇ ಕಟ್ಟಿಕೊಂಡ ಪದ ಒಂದಿದೆ, ಅಷ್ಟು ಧೈರ್ಯವಿಲ್ಲ.

ಹೊಲಿಗೆ ಕೆಲಸ ಬಲ್ಲವರು, ಹೊಲಿಗೆಯವರ ಮನೆಯಲ್ಲಿ ಬೆಳೆದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ. ಕತ್ತರಿಸುವ ಮೇಜಿನ ಹತ್ತಿರ ಲ್ಯಾಪೆಲ್ಲಿಗೂ ನಡುಪದರಕ್ಕೂ ಏನಂತಾರೆ?