ಸೊಳ್ಳೆಮರಿ ಹುಡುಕೋ ಹೋಮ್‌ವರ್ಕ್ ಬಗ್ಗೆ ಭಾವನಿಗೆ

ಭಾವ, ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೇ ವಾಯ್ಸ್ ಹಾಕ್ತಿದೀನಿ. ಒಂಬತ್ತನೇ ಕ್ಲಾಸ್ ಹುಡುಗಿಗೆ ಮನೆ ಡ್ರಮ್ಮು, ಬಕೆಟ್ಟು ನೋಡಿ ಸೊಳ್ಳೆಮರಿ ಇದೆಯಾ ಬರ್ಕೊಂಡು ಬಾ ಅಂತಾರೆ, ಇದೂ ಒಂದು ಪಾಠವಾ, ಎಸ್ಸೆಸ್ಸೆಲ್ಸಿಗೆ ಬರುತ್ತಾ ಅಂತ ಕೇಳಿದ್ರಲ್ಲ. ನಮ್ಮ ಸ್ಕೂಲಲ್ಲಿ ನಾನೂ ಮಾಡಿಸೋದು ಇದನ್ನೇ, ಸುಮ್ಮನಿರಕ್ಕಾಗ್ಲಿಲ್ಲ.

1991ರಲ್ಲೇ ಸುಪ್ರೀಂ ಕೋರ್ಟು, ವಕೀಲ ಎಂ.ಸಿ. ಮೆಹ್ತಾ ಹಾಕಿದ್ದ ಕೇಸಲ್ಲಿ, ಪರಿಸರ ಪಾಠ ಕಡ್ಡಾಯ ಆಗ್ಬೇಕು ಅಂತು. ಟಾಕೀಸಲ್ಲೂ ಪರಿಸರದ ಬಗ್ಗೆ ಸ್ಲೈಡ್ ಹಾಕಿ ಅಂದಿತ್ತು! ಆಗಿದ್ದೇನು? ಮಕ್ಕಳು ಓಜೋನ್ ಪದರದ ಬಗ್ಗೆ ಪುಟಗಟ್ಟಲೆ ಬರೀತಾರೆ, ಮನೆ ಸಂಪಿನ ಮುಚ್ಚಳ ಒಂದಿನಾನೂ ತೆಗೆದು ನೋಡಿರಲ್ಲ.

ಹಾಸನದಲ್ಲಿ ಡೆಂಗ್ಯೂ ಅಂದ್ರೆ ಎಲ್ಲರೂ ಬೈಯೋದು ಚರಂಡೀನ. ಚರಂಡಿ ಕ್ಲೀನಾಗ್ಬೇಕು, ಅದು ಬೇರೆ ಮಾತು. ಆದ್ರೆ ಡೆಂಗ್ಯೂ ಹರಡೋ ಈಡಿಸ್ ಸೊಳ್ಳೆಗೆ ಬೇಕಾಗಿರೋದು ನಿಂತ ತಿಳಿನೀರು. ನಾವು ನಲ್ಲಿ ನೀರು ಬಂದಾಗ ತುಂಬಿಟ್ಕೊಳ್ಳೋ ಡ್ರಮ್ಮು, ಮಳೆಗಾಲದಲ್ಲಿ ಹಿತ್ತಲಲ್ಲಿ ಬಿದ್ದಿರೋ ಎಳನೀರು ಬುರುಡೆ, ಹಳೇ ಟೈರು, ಫ್ರಿಡ್ಜ್ ಹಿಂದಿನ ಟ್ರೇ. ಮೊಟ್ಟೆ ಇಟ್ಟು ಸೊಳ್ಳೆ ಆಗಿ ಹಾರೋಕೆ ಸುಮಾರು ವಾರ, ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಂದ್ಸಲ ಖಾಲಿ ಮಾಡಿ ಅನ್ನೋದು. ಬರೀ ಚೆಲ್ಲಿದ್ರೆ ಆಗಲ್ಲ, ಒಳಗೋಡೆ ಉಜ್ಜಬೇಕು. ಯಾಕೆ ಅಂತ ಮಗಳನ್ನ ಕೇಳಿ ನೋಡಿ. ಮೊಟ್ಟೆ ನೀರಿನ ಅಂಚಲ್ಲಿ ಅಂಟ್ಕೊಂಡಿರುತ್ತೆ, ಒಣಗಿದ್ರೂ ತಿಂಗಳುಗಟ್ಟಲೆ ಸಾಯಲ್ಲ, ಮತ್ತೆ ನೀರು ಬಿದ್ರೆ ಮರಿ. ಫಾಗಿಂಗ್ ಗಾಡಿ ಬಂದು ಹೊಗೆ ಬಿಟ್ಟು ಹೋದ್ರೆ ಹಾರೋ ಸೊಳ್ಳೆ ಸಾಯಬಹುದು, ಡ್ರಮ್ಮಲ್ಲಿರೋ ಮರಿಗೆ ಏನೂ ಆಗಲ್ಲ. ಈ ಸೊಳ್ಳೆ ಕಚ್ಚೋದೂ ಹಗಲಲ್ಲಿ, ರಾತ್ರಿ ಸೊಳ್ಳೆಪರದೆ ಕಟ್ಟಿ ಮಲಗಿದ ಮಾತ್ರಕ್ಕೆ ನಿಶ್ಚಿಂತೆ ಅಲ್ಲ. ಇಷ್ಟೂ ಜೀವಶಾಸ್ತ್ರಾನೇ ಅಲ್ವಾ ಭಾವ? 2024ರಲ್ಲಿ ನಮ್ಮ ಸರ್ಕಾರ ಡೆಂಗ್ಯೂನ ಸಾಂಕ್ರಾಮಿಕ ರೋಗ ಅಂತ ಘೋಷಿಸಿದ್ದು ಮರೆತುಹೋಯ್ತಾ?

ಈ ವಯಸ್ಸಿಗೆ ಯಾಕೆ ಅಂದ್ರೆ, ಹದಿಮೂರು ಹದಿನಾಲ್ಕಕ್ಕೆ ಮಕ್ಕಳಿಗೆ ದೊಡ್ಡೋರ ತಪ್ಪು ಹಿಡಿಯೋದಂದ್ರೆ ಹಬ್ಬ. ಅದನ್ನ ಸ್ವಲ್ಪ ಉಪಯೋಗಕ್ಕೆ ಹಾಕಣ ಅಂತ. ಹೆದರಿಸಿ ಪಾಠ ಮಾಡೋದು ನನಗೆ ಇಷ್ಟ ಇಲ್ಲ. ಭೂಮಿ ಮುಗೀತು, ನೀರು ಮುಗೀತು ಅಂತ ಹೇಳಿದ್ರೆ ಮಕ್ಕಳು ನಮ್ ಕೈಲೇನಾಗುತ್ತೆ ಅಂತ ಕೈ ಚೆಲ್ತಾವೆ. ಪೌರಕಾರ್ಮಿಕರನ್ನ ಬೈಯೋದು ಕಲಿಸಿದ್ರೆ ಇನ್ನೂ ಕೆಟ್ಟದ್ದು.

ಮುಂದಿನ ಪಾಠ ಹೊಗೆದು, ಈಗಲೇ ಹೇಳಿರ್ತೀನಿ. ಬೆಳಿಗ್ಗೆ ಬೀದೀಲಿ ಪ್ಲಾಸ್ಟಿಕ್ ಸೇರಿಸಿ ಕಸಕ್ಕೆ ಬೆಂಕಿ ಹಚ್ತಾರಲ್ಲ, ಅದು. ಹೊಗೇಲಿರೋ ಸಣ್ಣ ಕಣ, 2.5 ಮೈಕ್ರಾನ್‌ಗಿಂತ ಚಿಕ್ಕದು (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಶ್ವಾಸಕೋಶದ ತಳಕ್ಕೇ ಇಳಿಯುತ್ತೆ. ಈ ವಯಸ್ಸಲ್ಲಿ ಶ್ವಾಸಕೋಶ ಇನ್ನೂ ಬೆಳೀತಾ ಇರುತ್ತೆ. ಸ್ಕೂಲ್ ಗೇಟಲ್ಲಿ ಇಂಜಿನ್ ಆನ್ ಇಟ್ಕೊಂಡು ಕಾಯೋರ ಪಟ್ಟಿನೂ ಮಾಡಿಸ್ತೀನಿ, ನಿಮ್ ಮಗಳ ಟೀಚರಿಗೂ ಹೇಳ್ಲಾ?

ತಮಾಷೆಗಂದೆ. ಒಂದೇ ಒಂದು ಮಾತು, ತಾರಸಿ ಮೇಲಿನ ಟ್ಯಾಂಕ್ ನೋಡೋಕೆ ಅವಳನ್ನ ಹತ್ತಿಸಬೇಡಿ, ಸಂಪಿನ ಹತ್ರಾನೂ ಒಬ್ಬಳನ್ನೇ ಬಿಡಬೇಡಿ. ನೀವೇ ಹತ್ತಿ ನೋಡಿ ಹೇಳಿ, ಅವಳು ಕೆಳಗೆ ನಿಂತು ಬರ್ಕೊಳ್ಳಲಿ. ಅಕ್ಕನಿಗೆ ಹೇಳಿ ಫ್ರಿಡ್ಜ್ ಪ್ಲಗ್ ತೆಗೆಸಿ, ಆಮೇಲೆ ಟ್ರೇ ಎಳೀರಿ.