‘ಮರುಕಳಿಸಿದ’ ಗಂಟಲ ಕ್ಯಾನ್ಸರ್: ಉಳಿದದ್ದಕ್ಕೂ ಮರಳಿದ್ದಕ್ಕೂ ಒಂದೇ ಪದವೇ?

ಮಾನ್ಯರೆ,

ಚನ್ನರಾಯಪಟ್ಟಣದ ಕಡೆ ಕಬ್ಬು ಬೆಳೆಯುವ ನನ್ನ ಸೋದರಮಾವನವರಿಗೆ, ವಿಕಿರಣ ಚಿಕಿತ್ಸೆ ಮುಗಿದ ಮೂರು ತಿಂಗಳಿಗೆ ಮಾಡಿಸಿದ ಸ್ಕ್ಯಾನಿನಲ್ಲಿ, ಗಂಟಲಿನ ಭಾಗವೇ ಆದ ನಾಲಿಗೆಯ ಬುಡದಲ್ಲಿದ್ದ ಕ್ಯಾನ್ಸರ್ ಗಡ್ಡೆ ಇನ್ನೂ ಉಳಿದಿರುವುದು ಕಂಡುಬಂತು. ರೋಬೋಟಿಕ್ ಶಸ್ತ್ರಚಿಕಿತ್ಸೆಯ ಬಗ್ಗೆ ಅವರಿಗೆ ಕೊಟ್ಟ ಕನ್ನಡದ ಮಾಹಿತಿಪತ್ರದಲ್ಲಿ ‘ಮರುಕಳಿಸಿದ ಕ್ಯಾನ್ಸರ್’ ಎಂದಿತ್ತು. ನನ್ನಿಂದ ಓದಿಸಿ ಕೇಳಿದ ಮಾವ, “ಹೋಗೇ ಇರ್ಲಿಲ್ವಲ್ಲ, ಮತ್ತೆ ಬಂತು ಅಂತ ಯಾಕ್ ಬರ್ದವ್ರೆ?” ಎಂದರು.

ಅವರ ಆಕ್ಷೇಪ ಸರಿಯಾದದ್ದೇ. ಚಿಕಿತ್ಸೆಯಿಂದ ಪೂರ್ತಿ ಹೋಗದೆ ನಿಂತದ್ದನ್ನು ವೈದ್ಯರು ‘ಪರ್ಸಿಸ್ಟೆಂಟ್’ ಎಂದೂ, ಕೆಲಕಾಲ ಯಾವ ಪರೀಕ್ಷೆಗೂ ಸಿಗದೆ ಇದ್ದು ಆಮೇಲೆ ಕಾಣಿಸಿಕೊಂಡದ್ದನ್ನು ‘ರಿಕರೆಂಟ್’ ಎಂದೂ ಬೇರ್ಪಡಿಸುತ್ತಾರೆ. ಬಿಟ್ಟ ಜ್ವರ ಮತ್ತೆ ಬಂದರೆ ಮರುಕಳಿಸಿತು ಎನ್ನುವ ನಮಗೆ ಆ ಪದ ಎರಡನೆಯದಕ್ಕೆ ಮಾತ್ರ ಒಪ್ಪುತ್ತದೆ. ಮೊದಲನೆಯದಕ್ಕೆ ‘ಉಳಿಕೆ ಕ್ಯಾನ್ಸರ್’ ಎಂದರೆ ಲೆಕ್ಕದ ಪುಸ್ತಕದ ಬಾಕಿಯಂತೆ ಕೇಳಿಸುತ್ತದೆ. ‘ನಿರಂತರ’ ಎಂದರೆ ಇನ್ನು ಎಂದೂ ಹೋಗದು ಎಂಬ ಅರ್ಥ ಬಂದು ರೋಗಿ ಎದೆಗುಂದುತ್ತಾನೆ.

ಮಾವ ತಾವೇ ಆಡಿದ ಪದ ‘ಕೂಳೆ’. ಕಬ್ಬು ಕಡಿದ ಮೇಲೆ ನೆಲದಲ್ಲಿ ನಿಲ್ಲುವ ಬುಡವೂ ಕೂಳೆ, ಅದರಿಂದ ಎದ್ದ ಬೆಳೆಯೂ ಕೂಳೆ. ಮರುಕಳಿಸುವ ಕ್ಯಾನ್ಸರ್ ಕೂಡ ಬಹುಮಟ್ಟಿಗೆ ಕಣ್ಣಿಗೆ ಬೀಳದೆ ಉಳಿದ ಜೀವಕೋಶಗಳಿಂದಲೇ ಚಿಗುರುವುದರಿಂದ ಹೋಲಿಕೆ ಬಲು ಚೆನ್ನಾಗಿದೆ. ಆದರೆ ನಮಗೆ ಬೇಕಾದ ಭೇದವೇ ಅದರಲ್ಲಿ ಅಳಿಸಿಹೋಗುತ್ತದೆ. ಮೇಲಾಗಿ ರೈತ ಕೂಳೆಯನ್ನು ಬೇಕೆಂದೇ ಬಿಟ್ಟುಕೊಳ್ಳುತ್ತಾನೆ.

ಅದೇ ಪತ್ರದ ‘ಯಂತ್ರಮಾನವ ಶಸ್ತ್ರಚಿಕಿತ್ಸೆ’ಯೂ ದಾರಿ ತಪ್ಪಿಸುವಂಥದು. ಅಲ್ಲಿ ಮಾನವಾಕಾರವೂ ಇಲ್ಲ, ಯಂತ್ರದ ಸ್ವಂತ ನಿರ್ಧಾರವೂ ಇಲ್ಲ. ತುಸು ದೂರದಲ್ಲಿ ಕುಳಿತ ಶಸ್ತ್ರವೈದ್ಯರು ಹಿಗ್ಗಿಸಿದ ಚಿತ್ರ ನೋಡುತ್ತ ಕೈಯಾಡಿಸಿದಂತೆ, ಬಾಯಿಯ ಮೂಲಕ ಇಳಿಬಿಟ್ಟ ಸಣ್ಣ ಉಪಕರಣಗಳು ಆಡುತ್ತವೆ. ಗಡ್ಡೆಯ ಗಾತ್ರ ಮತ್ತು ಜಾಗ ಅನುಕೂಲವಾಗಿದ್ದರೆ ದವಡೆ ಸೀಳುವುದು ತಪ್ಪುತ್ತದೆ, ವಿಕಿರಣ ತಾಗಿದ ಮಾಂಸ ಬೇಗ ಮಾಯದಿರುವುದರಿಂದ ಇದು ಸಣ್ಣ ಸಂಗತಿಯಲ್ಲ. 1920ರಲ್ಲಿ ಕಾರೆಲ್ ಚಾಪೆಕ್ ತಮ್ಮ ನಾಟಕಕ್ಕೆ ತಂದ ‘ರೋಬೋಟ್’ ಪದದ ಮೂಲವಾದ ಚೆಕ್ ಮಾತಿಗೆ ಬಿಟ್ಟಿ ಚಾಕರಿ ಎಂಬ ಅರ್ಥವಿದೆ. ಹೇಳಿದಷ್ಟೇ ಮಾಡುವ ಈ ತೋಳುಗಳಿಗೆ ಯಂತ್ರಮಾನವಕ್ಕಿಂತ ಆ ಹಳೆಯ ಅರ್ಥವೇ ಹತ್ತಿರ. ‘ರೋಬೋಟ್ ನೆರವಿನ ಶಸ್ತ್ರಚಿಕಿತ್ಸೆ’ ಎಂದರೆ ಸಾಕೆಂದು ನನ್ನ ಎಣಿಕೆ.

ಮಾವನವರದರಂಥ ‘ಪರ್ಸಿಸ್ಟೆಂಟ್’ ಕ್ಯಾನ್ಸರಿಗೆ ಸದ್ಯ ‘ಹೋಗದೆ ಉಳಿದ ಕ್ಯಾನ್ಸರ್’ ಎಂದು ಬರೆದುಕೊಂಡಿದ್ದೇನೆ. ಇದಕ್ಕಿಂತ ಚಿಕ್ಕದಾದ, ರೋಗಿಯ ಮುಂದೆ ಆಡಬಹುದಾದ ಪದ ನಿಮ್ಮ ಕಡೆ ಬಳಕೆಯಲ್ಲಿದೆಯೇ?